ಅಳತೆ ಅಂಗಿ

"ಶಾಲೇಲಿ ಇವತ್ತು ಏನಾಯ್ತು?"

"ಏನಿಲ್ಲ."

ಈ ಮಾತು ನಡೆಯದ ಮನೆ ಇರಲಾರದು. ನಿಮ್ಮ ಮನೆಯಲ್ಲೂ ನಿನ್ನೆ ಸಂಜೆ ನಡೆದಿರಬಹುದು. ದೊಡ್ಡವರು ಕೇಳುತ್ತಾರೆ, ಮಗು 'ಏನಿಲ್ಲ' ಎನ್ನುತ್ತದೆ, ಪುಸ್ತಕದ ಚೀಲ ಮೂಲೆಗೆ ಬೀಳುತ್ತದೆ, ಕೇಳಿದವರು ತಮ್ಮ ಪಾಡಿಗೆ ಕೆಲಸಕ್ಕೆ ಮರಳುತ್ತಾರೆ. ಆ 'ಏನಿಲ್ಲ'ದ ಒಳಗೆ ಏನಿತ್ತು ಎನ್ನುವುದು ಒಬ್ಬ ಅಜ್ಜಿಗೆ ಹೇಗೆ ತಿಳಿಯಿತು, ಕೇಳಿ.

ಅಜ್ಜಿ ಬಟ್ಟೆ ಹೊಲಿಯುವವರು. ಬೀದಿಗೆ ತೆರೆದ ಕಿಟಕಿ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಯಂತ್ರದ ಪಕ್ಕ ಒಂದು ಪುಟ್ಟ ಸ್ಟೂಲು. ಸ್ಟೂಲು ಮೊಮ್ಮಗಳದ್ದು. ಅವಳಿಗೆ ಎಲ್ಲರೂ ಕರೆಯುವ ಹೆಸರು ಗುಂಡಿ. ಹುಟ್ಟಿದಾಗ ಕಣ್ಣು ಕೋಟಿನ ಗುಂಡಿಗಳ ಹಾಗೆ ದುಂಡಗಿದ್ದವಂತೆ. ಅಜ್ಜಿಯ ಬಾಯಲ್ಲಿ ಬಂದ ಹೆಸರು ಬೀದಿಗೆಲ್ಲ ಅಂಟಿಕೊಂಡಿತು. ಶಾಲೆಯಿಂದ ಬಂದ ಮೇಲೆ ಗುಂಡಿ ಆ ಸ್ಟೂಲಿನ ಮೇಲೆ ಕೂತು ಅಜ್ಜಿಗೆ ಸೂಜಿ ಪೋಣಿಸಿಕೊಡುತ್ತಾಳೆ. ಅಜ್ಜಿಯ ಕಣ್ಣು ಮೊದಲಿನಂತಿಲ್ಲ.

ಗುಂಡಿಯ ಅಪ್ಪ ಲಾರಿ ಓಡಿಸುವವರು; ಮನೆಯಲ್ಲಿ ಇರುವುದಕ್ಕಿಂತ ರಸ್ತೆಯ ಮೇಲೆ ಇರುವುದೇ ಹೆಚ್ಚು. ಅಮ್ಮ, ಅಂದರೆ ಅಜ್ಜಿಯ ಮಗಳು, ನರ್ಸ್. ಈ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಬಹು ದೂರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ ಹೋದಳು. ಮಧ್ಯೆ ರಜೆ ಇಲ್ಲ. ವಾರಕ್ಕೊಂದು ಸಲ, ಭಾನುವಾರ ಸಂಜೆ, ಫೋನ್ ಬರುತ್ತದೆ.

ಆ ಫೋನಿಗೆ ಅಜ್ಜಿ ಒಂದು ನಿಯಮ ಮಾಡಿದ್ದರು.

"ನೋಡು ಗುಂಡಿ, ಅಮ್ಮನ ಹತ್ರ ಅಳಬಾರದು. ನೀನು ಅತ್ರೆ ಅಲ್ಲಿ ಅವಳಿಗೆ ಕೈಕಾಲು ಆಡಲ್ಲ. ನಗ್ತಾ ಮಾತಾಡು. ಆಯ್ತಾ?"

"ಆಯ್ತು."

ಅಜ್ಜಿಯೂ ನಿಯಮ ಮುರಿದವರಲ್ಲ. ಫೋನ್ ಹೊಡೆದುಕೊಂಡ ಕೂಡಲೇ ಒಂದು ಗುಟುಕು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, "ಚೆನ್ನಾಗಿದ್ದೀವಮ್ಮಾ" ಎಂದು ರಾಗ ಎಳೆಯುತ್ತಿದ್ದರು. ಗುಂಡಿಯೂ ಹಾಗೇ ಎಳೆಯುತ್ತಿದ್ದಳು. ಆ ಕಡೆಯಿಂದ ಮಗಳೂ, "ನಾನೂ ಚೆನ್ನಾಗಿದ್ದೀನಮ್ಮಾ" ಎನ್ನುತ್ತಿದ್ದಳು. ಮೂವರೂ ಚೆನ್ನಾಗಿದ್ದರು. ಫೋನ್ ಇಟ್ಟ ಮೇಲೆ ಅಜ್ಜಿ ಯಂತ್ರದ ಮುಂದೆ ಕೂತು, ಬಟ್ಟೆ ಇಲ್ಲದಿದ್ದರೂ ಚಕ್ರವನ್ನು ಸುಮ್ಮನೆ ತಿರುಗಿಸುತ್ತಿದ್ದರು.

"ನಮ್ಮ ಗುಂಡಿ ಗಟ್ಟಿ" ಎಂದು ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದರು. "ಅಮ್ಮ ಹೋದಾಗಿಂದ ಒಂದು ಹನಿ ಕಣ್ಣೀರು ಹಾಕಿಲ್ಲ."

ಒಂದು ಭಾನುವಾರ ಮಗಳು ಹೇಳಿದಳು. "ಅಮ್ಮಾ, ಇಲ್ಲಿ ಕೊಂಡ ಅಂಗಿ ಕಂಕುಳಲ್ಲಿ ಹಿಡಿಯುತ್ತೆ. ನೀನೇ ಎರಡು ಹೊಲಿದು ಕಳಿಸ್ತೀಯಾ?"

"ಕೇಳಬೇಕಾ ಅದನ್ನ? ಅಳತೆ ಅಂಗಿ ಇದೆಯಲ್ಲ" ಎಂದರು ಅಜ್ಜಿ.

ಹೊಲಿಗೆಯವರ ಮನೆಯಲ್ಲಿ ಇದೊಂದು ರೂಢಿ. ಮೈಗೆ ಸರಿಯಾಗಿ ಕೂರುವ ಹಳೆಯ ಅಂಗಿಯೊಂದನ್ನು ಹೊಲಿಯುವವರ ಹತ್ತಿರ ಬಿಟ್ಟರೆ ಆಯಿತು. ಅದನ್ನು ಮುಂದಿಟ್ಟುಕೊಂಡು ಹೊಸದನ್ನು ಕತ್ತರಿಸುತ್ತಾರೆ. "ಟೇಪು ಸುಳ್ಳು ಹೇಳಬಹುದು, ಹಳೇ ಅಂಗಿ ಹೇಳಲ್ಲ" ಎನ್ನುವುದು ಅಜ್ಜಿಯ ಮಾತು. ಮಗಳು ಹೊರಡುವ ದಿನ ಸ್ನಾನಕ್ಕೆ ಹೋಗುವ ಮುಂಚೆ ಮೈಮೇಲಿದ್ದ ನೀಲಿ ಅಂಗಿಯನ್ನೇ ಕಳಚಿ ಯಂತ್ರದ ಮೇಲಿಟ್ಟು, "ಇದೇ ಇರಲಿ ಅಳತೆಗೆ" ಎಂದಿದ್ದಳು.

ಆದರೆ ಈಗ ಹುಡುಕಿದರೆ ಅಂಗಿ ಇಲ್ಲ. ಅಜ್ಜಿ ಪೆಟ್ಟಿಗೆ ತೆಗೆದರು, ಗಂಟು ಬಿಚ್ಚಿದರು, ಗಿರಾಕಿಗಳ ಬಟ್ಟೆಗಳನ್ನೆಲ್ಲ ಕೊಡವಿದರು. ಪಕ್ಕದ ಇಸ್ತ್ರಿ ಅಂಗಡಿಗೆ ಹೋಗಿ ಕೇಳಿದರು. ಅಲ್ಲಿನ ಇಸ್ತ್ರಿಯಣ್ಣ ಬೀದಿಗೆಲ್ಲ ಅಣ್ಣ; ಅಜ್ಜಿಗೆ ಮಾತ್ರ ತಮ್ಮನಿದ್ದಂತೆ.

"ಇಲ್ಲಕ್ಕ, ನೀಲಿ ಅಂಗಿ ನನ್ನ ಹತ್ರ ಬಂದಿಲ್ಲ. ನಿನ್ನ ಕನ್ನಡಕ ಹಣೆ ಮೇಲಿಟ್ಕೊಂಡು ಹುಡುಕಿದ ಹಾಗೆ ಇದನ್ನೂ ಹೊದ್ದುಕೊಂಡೇ ಹುಡುಕ್ತಿದ್ದೀಯೇನೋ, ನೋಡ್ಕೋ."

ಕಡೆಗೆ ಸಿಕ್ಕಿದ್ದು ಗುಂಡಿಯ ಶಾಲೆಯ ಚೀಲದಲ್ಲಿ. ಪುಸ್ತಕಗಳ ಅಡಿಯಲ್ಲಿ, ಬೆಕ್ಕಿನ ಮರಿಯ ಹಾಗೆ ಮುದುಡಿಕೊಂಡು ಕೂತಿತ್ತು. ಕಾಲರಿನ ಮೇಲೆ ಪೆನ್ಸಿಲ್ ಗೀಟು, ತೋಳಿನ ಮೇಲೆ ಏನೋ ಜಿಡ್ಡು.

"ಅಯ್ಯೋ ಕಳ್ಳಿ. ಅಳತೆ ಅಂಗೀಲಿ ಆಟ ಆಡೋದಾ? ಹೊಲಿಗೆಗೆ ಇಟ್ಟ ಬಟ್ಟೆ ಮುಟ್ಟಬಾರದು ಅಂತ ನಿನಗೆ ಗೊತ್ತಿಲ್ವಾ?" ಎಂದರು ಅಜ್ಜಿ. ಬೈದದ್ದು ಅಷ್ಟೇ. ಒಳ್ಳೆಯ ಸೋಪು ಹಾಕಿ ಉಜ್ಜಿದರು, ಗಂಜಿ ಹಾಕಿದರು, ಬಿಸಿಲಿಗೆ ಹರವಿದರು. ಗುಂಡಿ ಬಾಗಿಲಲ್ಲಿ ನಿಂತು ತಂತಿಯ ಮೇಲೆ ತೊಟ್ಟಿಕ್ಕುತ್ತಿದ್ದ ಅಂಗಿಯನ್ನು ನೋಡಿದಳು. ಏನೂ ಹೇಳಲಿಲ್ಲ. ತಪ್ಪು ಗೊತ್ತಾಗಿದೆ ಮಗುವಿಗೆ, ಅದಕ್ಕೇ ಸುಮ್ಮನಿದ್ದಾಳೆ ಎಂದುಕೊಂಡರು ಅಜ್ಜಿ. ಆ ಸಂಜೆ ಗುಂಡಿ ಸೂಜಿ ಪೋಣಿಸಿಕೊಡಲು ಬರಲಿಲ್ಲ. ಅಜ್ಜಿಗೆ ಅದು ಗಮನಕ್ಕೂ ಬರಲಿಲ್ಲ. ಅಂದು ಕೈಹೊಲಿಗೆಯ ಕೆಲಸ ಇರಲಿಲ್ಲ.

ಅದಾದ ಮೇಲೆ ಒಂದು ದಿನ ಶಾಲೆಯಿಂದ ಕರೆ ಬಂತು. ಗುಂಡಿ ತನ್ನ ಬೆಂಚಿನ ಗೆಳತಿಯ ಚೀಲಕ್ಕೆ ನೀರು ಸುರಿದಿದ್ದಾಳೆ. ಬಾಟಲಿ ಬರಿದಾಗುವ ತನಕ.

ಅಜ್ಜಿ ಎದ್ದು ಹೊರಟರು, ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡರು. ತಾಯಿ ಊರಲ್ಲಿಲ್ಲ, ನಾನು ಬುದ್ಧಿ ಹೇಳ್ತೀನಿ, ಈ ಸಲ ಬಿಟ್ಟುಬಿಡಿ.

ಶಾಲೆಯಲ್ಲಿ ಅವರು ಕಂಡದ್ದೇ ಬೇರೆ. ಗುಂಡಿಯೂ ಆ ಗೆಳತಿಯೂ ಜಗಲಿಯ ಬಿಸಿಲಲ್ಲಿ ಕೂತು, ಒದ್ದೆಯಾದ ಪುಸ್ತಕಗಳ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸುತ್ತಿದ್ದರು. ಮಾತಿಲ್ಲ. ಆದರೆ ಗಾಳಿಗೆ ಹಾಳೆ ಹಾರಿದರೆ ಅವಳದನ್ನು ಇವಳು ಹಿಡಿಯುತ್ತಿದ್ದಳು.

"ಬನ್ನಿ ಅಜ್ಜಿ, ಕೂತ್ಕೊಳ್ಳಿ" ಎಂದರು ಟೀಚರ್. ಇನ್ನೂ ಚಿಕ್ಕ ವಯಸ್ಸಿನವರು. ಮಕ್ಕಳ ಬೆಂಚು ತಗ್ಗು ಎಂದು ತಮ್ಮ ಕುರ್ಚಿಯನ್ನು ಅಜ್ಜಿಗೆ ಬಿಟ್ಟುಕೊಟ್ಟು, ತಾವೇ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕೂತರು.

"ಎರಡೇಟು ಹಾಕಿ ಮೇಡಂ, ನಾನೇನೂ ಅನ್ನಲ್ಲ" ಎಂದರು ಅಜ್ಜಿ.

"ಏಟು ಹಾಕಿದ್ರೆ ನೀರು ಸುರಿಯೋದು ನಿಲ್ಲಬಹುದು. ಯಾಕೆ ಸುರಿದಳು ಅಂತ ಗೊತ್ತಾಗಲ್ವಲ್ಲ. ಕೋಪ ಬಂದಿದ್ದು ತಪ್ಪಲ್ಲ, ನೀರು ಸುರಿದಿದ್ದು ತಪ್ಪು ಅಂತ ಹೇಳಿದ್ದೀನಿ. ಒದ್ದೆ ಮಾಡಿದವಳೇ ಒಣಗಿಸಬೇಕು. ಒಣಗಿಸ್ತಿದ್ದಾಳೆ. ಆ ಹುಡುಗೀದು ದೊಡ್ಡ ಮನಸ್ಸು, ತಾನೂ ಕೂತಿದ್ದಾಳೆ."

"ಆ ಮಗು ಇವಳಿಗೆ ಏನು ಮಾಡಿತ್ತು?"

"ಏನೂ ಮಾಡಿಲ್ಲ. ಬುತ್ತಿ ಮರೆತು ಬಂದಿದ್ಲು. ಅವರಮ್ಮ ತಂದುಕೊಟ್ಟು, ಕೆದರಿದ ಕೂದಲು ಬಾಚಿ, ಹೋದರು. ಅಷ್ಟೇ ಆಗಿದ್ದು. ಅವರು ಗೇಟು ದಾಟಿದ ಮೇಲೆ ಇವಳು ಬಾಟಲಿ ಎತ್ತಿದ್ದು."

ಅಜ್ಜಿಯ ಕೈ ತಾನಾಗಿ ಕೊರಳ ಟೇಪನ್ನು ಸುತ್ತತೊಡಗಿತು.

ಟೀಚರ್ ಹೇಳಿದರು. "ನಮ್ಮ ತರಗತೀಲಿ ಹಾಜರಿ ಕೂಗಿದಾಗ ಮಕ್ಕಳು 'ಇದ್ದೀನಿ' ಅನ್ನಲ್ಲ ಅಜ್ಜಿ. ಹೇಗಿದ್ದೀನಿ ಅಂತ ಹೇಳ್ತಾರೆ. ಖುಷಿ, ಬೇಜಾರು, ಹೆದರಿಕೆ, ನಿದ್ದೆ, ಏನಾದ್ರೂ ಸರಿ. ಹೇಳೋಕೆ ಇಷ್ಟ ಇಲ್ಲ ಅಂದ್ರೆ ತಲೆ ಅಲ್ಲಾಡಿಸಿದ್ರೂ ಸಾಕು. ಯಾರೂ ನಗಬಾರದು, ಹೊರಗೆ ಹೋಗಿ ಆಡ್ಕೋಬಾರದು. ಅಷ್ಟು ಮಾತ್ರ ನಮ್ಮ ಕಟ್ಟಳೆ."

ಅಜ್ಜಿಗೆ ಇದು ಸರಿಬರಲಿಲ್ಲ. "ನೋಡಮ್ಮ, ಬೇಜಾರು ಮಾಡ್ಕೋಬೇಡ. ಶಾಲೆ ಇರೋದು ಲೆಕ್ಕ ಕಲಿಯೋಕೆ. ಎಲ್ರೂ ಒಬ್ಬೊಬ್ಬರಾಗಿ ಅಳ್ತಾ ಕೂತ್ರೆ ಪಾಠ ಯಾವಾಗ? ನಮ್ಮ ಕಾಲದಲ್ಲಿ ಹೇಗಿದ್ದೀಯ ಅಂತ ಯಾರು ಕೇಳ್ತಿದ್ರು?"

"ಯಾರೂ ಕೇಳಲಿಲ್ಲ ಅನ್ನೋದು ನಿಮಗಿನ್ನೂ ನೆನಪಿದೆಯಲ್ಲ ಅಜ್ಜಿ" ಎಂದು ಟೀಚರ್ ನಕ್ಕರು. ಅಜ್ಜಿಗೂ ಸ್ವಲ್ಪ ನಗು ಬಂತು. "ಹಾಜರಿ ಮುಗಿಯೋವಷ್ಟೇ ಹೊತ್ತು ಇದಕ್ಕೆ ಹಿಡಿಯೋದು. ಮನಸ್ಸಲ್ಲಿ ಅಷ್ಟು ದೊಡ್ಡದು ತುಂಬ್ಕೊಂಡು ಕೂತ ಮಗುವಿನ ತಲೆಗೆ ಗುಣಾಕಾರ ಎಲ್ಲಿ ಇಳಿಯುತ್ತೆ ಹೇಳಿ. ಹೇಳಿಕೊಂಡು ಹಗುರಾದ ಮೇಲೆ ಇಳಿಯುತ್ತೆ. ನನಗೂ ಮೊದಮೊದಲು ಹೇಗೆ ಕೇಳಬೇಕು ಅಂತ ಬರ್ತಿರಲಿಲ್ಲ. ಮಕ್ಕಳೇ ಕಲಿಸಿದ್ರು."

"ನಮ್ಮ ಗುಂಡಿ ಏನಂತಾಳೆ?"

"ದಿನಾ ಒಂದೇ ಮಾತು. 'ಚೆನ್ನಾಗಿದ್ದೀನೀ.' ಅದೂ ಒಂದೇ ರಾಗ. ಕೊನೇಲಿ ಹೀಗೆ ಎಳೀತಾಳೆ."

ಟೀಚರ್ ಎಳೆದು ತೋರಿಸಿದರು. ಅದು ಭಾನುವಾರದ ರಾಗ. ಒಂದು ಗುಟುಕು ನೀರು ಕುಡಿದು, ಗಂಟಲು ಸರಿಮಾಡಿಕೊಂಡು ತಾವೇ ಎಳೆಯುವ ರಾಗ.

"ಒಂದೇ ಒಂದು ದಿನ ಬೇರೆ ಮಾತು ಬಂತು" ಎಂದರು ಟೀಚರ್. "'ತೊಳೆದುಬಿಟ್ರು' ಅಂದಳು. ಏನನ್ನ ಪುಟ್ಟಾ ಅಂದೆ, ತಲೆ ಅಲ್ಲಾಡಿಸಿದಳು. ಒತ್ತಾಯ ಮಾಡಲಿಲ್ಲ. ಅದೇನು ಅಂತ ನಿಮಗೇನಾದ್ರೂ ಗೊತ್ತಾ?"

ಅಜ್ಜಿಗೆ ಗೊತ್ತಾಯಿತು. ಎಲ್ಲ ಒಟ್ಟಿಗೇ ಗೊತ್ತಾಯಿತು. ಮಗಳು ಮೈಮೇಲಿಂದ ಕಳಚಿಟ್ಟು ಹೋದ ಅಂಗಿ. ಅವರಿಗೆ ಅದರಲ್ಲಿ ಕಂಡದ್ದು ತೋಳು, ಕಾಲರು, ಸುತ್ತಳತೆ. ಮಗುವಿಗೆ ಅದರಲ್ಲಿ ಅಮ್ಮನ ವಾಸನೆ ಇತ್ತು. ಊಟದ ಗಂಟೆ ಹೊಡೆದಾಗಲೋ, ಬೇರೆಯವರ ಅಮ್ಮ ಗೇಟಿನ ಹತ್ತಿರ ಕಂಡಾಗಲೋ, ಚೀಲದೊಳಗೆ ಮುಖ ಹಾಕಿ ಉಸಿರೆಳೆದುಕೊಳ್ಳಲು ಅದೊಂದಿತ್ತು. ಒಳ್ಳೆಯ ಸೋಪು ಹಾಕಿ, ಗಂಜಿ ಹಾಕಿ, ಅದನ್ನು ಅವರೇ ತೆಗೆದುಬಿಟ್ಟಿದ್ದರು.

ಅಷ್ಟನ್ನೂ ಟೀಚರಿಗೆ ಹೇಳುವಷ್ಟರಲ್ಲಿ ಅಜ್ಜಿಯ ದನಿ ನಡುಗಿತು. ಟೀಚರ್ ಎದ್ದು ತಮ್ಮ ನೀರಿನ ಬಾಟಲಿ ಕೈಗೆ ಕೊಟ್ಟು, ಯಾರೂ ನೋಡದ ಹಾಗೆ ಬಾಗಿಲಿಗೆ ಅಡ್ಡವಾಗಿ ನಿಂತರು.

"ಈಗ ನಾನೇನು ಮಾಡ್ಲಿ?"

"ಸಮಾಧಾನ ಹೇಳೋಕೆ ಅವಸರ ಮಾಡಬೇಡಿ. 'ಅಳಬೇಡ' ಅನ್ನಬೇಡಿ. ಪಕ್ಕದಲ್ಲಿ ಕೂತ್ಕೊಳ್ಳಿ. ಮೊದಲು ನಿಮಗೇನು ಅನಿಸ್ತಿದೆ ಅಂತ ನೀವು ಹೇಳಿ. ದೊಡ್ಡವರು ಹೇಳೋದು ಕೇಳಿದ್ರೆ ತಾನೂ ಹೇಳಬಹುದು ಅಂತ ಮಗುವಿಗೆ ಧೈರ್ಯ ಬರುತ್ತೆ. ಹೇಳಲಿಲ್ವಾ, ಬಿಡಿ. ಚಿತ್ರ ಬರೀಲಿ, ಸುಮ್ನೆ ಕೂತಿರಲಿ. ಬಾಗಿಲು ತೆರೆದಿದೆ ಅಂತ ಗೊತ್ತಾದ್ರೆ ಸಾಕು. ಊಟ, ನಿದ್ದೆ, ಆಟ ಎಲ್ಲ ಬಿಟ್ಟು ತುಂಬಾ ದಿನ ಹೀಗೇ ಇದ್ದಳು ಅಂದ್ರೆ ಮಾತ್ರ ನನಗೆ ಹೇಳಿ, ಡಾಕ್ಟರ ಹತ್ರ ಹೋಗೋಣ. ನಾನೂ ಜೊತೆಗೆ ಬರ್ತೀನಿ."

ಗುಂಡಿಯನ್ನು ಕರೆದುಕೊಂಡು ಮನೆಗೆ ಬಂದಾಗ ಇಸ್ತ್ರಿಯಣ್ಣ ಅಂಗಡಿಯಿಂದಲೇ ಕೂಗಿದರು. "ಏನಕ್ಕ, ಶಾಲೆಗೆ ಸೇರ್ಕೊಂಡ್ಯಾ ಈ ವಯಸ್ಸಲ್ಲಿ?"

ಗುಂಡಿ ಒಳಗೆ ಹೋದ ಮೇಲೆ ಅಜ್ಜಿ ಎಲ್ಲ ಹೇಳಿದರು. ಇಸ್ತ್ರಿಯಣ್ಣ ತಲೆಯಾಡಿಸಿದರು.

"ಹೀಗೆಲ್ಲ ಮುದ್ದು ಮಾಡಿದ್ರೆ ಮಕ್ಕಳು ಮೆತ್ತಗಾಗ್ತಾರೆ. ಅಳು ಬಂತಾ, ಅದುಮಬೇಕು. ಇದರ ಹಾಗೆ" ಎಂದು ಇಸ್ತ್ರಿ ಪೆಟ್ಟಿಗೆ ಎತ್ತಿ ತೋರಿಸಿದರು. "ಒತ್ತಿದ್ರೆ ಎಂಥ ಸುಕ್ಕೂ ಹೋಗುತ್ತೆ."

"ಬಟ್ಟೆ ಮೇಲಿನ ಸುಕ್ಕು ಹೋಗುತ್ತೆ ಕಣಪ್ಪ. ಹೊಲಿಗೆಯೊಳಗೆ ಸಿಕ್ಕಿಕೊಂಡ ಸುಕ್ಕು ನಿನ್ನ ಇಸ್ತ್ರಿಗೆ ಹೋಗುತ್ತಾ? ನೀನೇ ತಂದು ನನ್ನ ಮುಂದೆ ಎಸೀತೀಯ, 'ಬಿಚ್ಚಿ ಹೊಲಿ ಅಕ್ಕ' ಅಂತ."

"ಹಾಗಾದ್ರೆ ನಿನ್ನ ಹೊಲಿಗೆ ಸರಿ ಇಲ್ಲ ಅಂತ ಒಪ್ಪಿಕೊಂಡ ಹಾಗಾಯ್ತು."

"ಒಪ್ಪಿಕೊಂಡೆ" ಎಂದರು ಅಜ್ಜಿ. ಇಷ್ಟು ಬೇಗ ಒಪ್ಪಿಕೊಂಡದ್ದು ನೋಡಿ ಇಸ್ತ್ರಿಯಣ್ಣನಿಗೆ ಗಾಬರಿಯೇ ಆಯಿತು. ಅವರು ಇಸ್ತ್ರಿ ಕೆಳಗಿಟ್ಟು, "ನಮ್ಮ ದೊಡ್ಡ ಮಗನೂ ಏನೂ ಹೇಳಲ್ಲ ಅಕ್ಕ" ಎಂದರು.

ಸಂಜೆ ಅಜ್ಜಿ ಯಂತ್ರದ ಮುಂದೆ ಕೂತರು. ಗುಂಡಿಯ ಸ್ಟೂಲು ಖಾಲಿ ಇತ್ತು. ಸೂಜಿಗೆ ದಾರ ಪೋಣಿಸಲು ನೋಡಿದರು, ಆಗಲಿಲ್ಲ. ಆಮೇಲೆ ಯಾರಿಗೂ ಅಲ್ಲ ಎನ್ನುವಂತೆ, ಮೆಲ್ಲಗೆ ಹೇಳಿದರು.

"ನನಗೆ ಇವತ್ತು ನನ್ನ ಮಗಳ ನೆನಪು ಜಾಸ್ತಿ ಆಗ್ತಿದೆ. ಇಲ್ಲಿ ಎದೇಲಿ ಏನೋ ಕಲ್ಲು ಇಟ್ಟ ಹಾಗಿದೆ. ಫೋನಲ್ಲಿ ಚೆನ್ನಾಗಿದ್ದೀವಿ ಅಂತೀನಿ. ಚೆನ್ನಾಗಿಲ್ಲ."

ಒಳಗಿನ ಕೋಣೆಯಲ್ಲಿ ಸದ್ದಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಅಜ್ಜಿ ಕಾದರು. ಕಾಯುವುದು ಅವರಿಗೆ ಸುಲಭವಾಗಿರಲಿಲ್ಲ.

ಗುಂಡಿ ಬಂದಳು. ಸ್ಟೂಲಿನ ಮೇಲೆ ಕೂತು ಅಜ್ಜಿಯ ಕೈಯಿಂದ ಸೂಜಿ ತೆಗೆದುಕೊಂಡಳು. ದಾರದ ತುದಿಯನ್ನು ತುಟಿಗೆ ತಾಕಿಸಿ, ಪೋಣಿಸಿ, ಕೊಡದೆ ಕೈಯಲ್ಲೇ ಇಟ್ಟುಕೊಂಡಳು.

"ನೀನು ಅಮ್ಮನ ವಾಸನೆ ತೊಳೆದುಬಿಟ್ಟೆ."

"ಹೌದು. ತೊಳೆದುಬಿಟ್ಟೆ ಕಂದಾ. ನನಗೆ ಗೊತ್ತಾಗಲಿಲ್ಲ."

"ನಂಗೆ ನಿನ್ನ ಮೇಲೆ ಕೋಪ ಬಂದಿತ್ತು."

"ಬರಬೇಕಾದ್ದೇ."

"ಈಗಲೂ ಸ್ವಲ್ಪ ಇದೆ."

"ಇರಲಿ. ಮುಗಿಯೋ ತನಕ ಇಟ್ಕೋ. ನಾನೆಲ್ಲೂ ಹೋಗಲ್ಲ."

ಆಗ ಗುಂಡಿ ಅತ್ತಳು. ಅಮ್ಮ ಹೋದ ದಿನದ ಅಳುವನ್ನೂ ಸೇರಿಸಿ ಅತ್ತಳು. ಅಜ್ಜಿಯ ಬಾಯಿಗೆ 'ಅಳಬೇಡ' ಎನ್ನುವ ಮಾತು ಎಷ್ಟೋ ಸಲ ಬಂತು. ಅಷ್ಟೂ ಸಲ ನುಂಗಿಕೊಂಡು ಬೆನ್ನು ಸವರಿದರು. ಮಗುವಿನ ಕೈಯಲ್ಲಿದ್ದ ಸೂಜಿಯನ್ನು ಮಾತ್ರ ಮೆಲ್ಲಗೆ ಬಿಡಿಸಿ ತೆಗೆದಿಟ್ಟರು.

ಭಾನುವಾರ ಫೋನ್ ಬಂತು. ಅಜ್ಜಿ ನೀರು ಕುಡಿಯಲಿಲ್ಲ. ಸ್ಪೀಕರ್ ಹಾಕಿ ನೇರವಾಗಿ ಗುಂಡಿಯ ಕೈಗೆ ಕೊಟ್ಟು, "ನಿಯಮ ಇಲ್ಲ ಇವತ್ತು. ಏನಿದೆಯೋ ಅದನ್ನ ಹೇಳು" ಎಂದರು.

"ಹೇಗಿದ್ದೀಯಾ ಗುಂಡೀ?" ಆ ಕಡೆಯ ರಾಗ ಹಳೆಯದೇ.

"ಚೆನ್ನಾಗಿಲ್ಲ ಅಮ್ಮ. ನೀನು ಬೇಕು."

ಬಹಳ ಹೊತ್ತು ಯಾವ ದನಿಯೂ ಬರಲಿಲ್ಲ. ಅಜ್ಜಿ ಫೋನಿನ ಹತ್ತಿರ ಬಾಗಿದರು. ಮಗಳು ಅಲ್ಲಿ ಒಬ್ಬಳೇ, ಹಿಡಿದುಕೊಳ್ಳುವವರಿಲ್ಲ. ಆಮೇಲೆ ರಾಗ ಇಲ್ಲದ ದನಿಯೊಂದು ಬಂತು. ಅದು ಅಜ್ಜಿ ಹೆತ್ತ ಮಗಳ ನಿಜವಾದ ದನಿ.

"ನಂಗೂ ಚೆನ್ನಾಗಿಲ್ಲ ಕಂದಾ. ವಾರ್ಡಲ್ಲಿ ಮಕ್ಕಳು 'ಅಮ್ಮಾ' ಅಂದಾಗೆಲ್ಲ ತಿರುಗಿ ನೋಡ್ತೀನಿ. ನೀನು ನಗ್ತಾ ನಗ್ತಾ ಮಾತಾಡ್ತಿದ್ದೆ. ಇವಳಿಗೆ ನನ್ನ ನೆನಪೇ ಬರಲ್ವೇನೋ ಅಂದ್ಕೊಂಡಿದ್ದೆ."

"ದಿನಾ ಬರುತ್ತೆ."

ಅಜ್ಜಿ ಕಿಟಕಿಯ ಕಡೆ ತಿರುಗಿ ನಿಂತರು. ಮಗಳ ಕೈಕಾಲು ಆಡದೆ ಹೋಗುತ್ತದೆಂದು ತಾವು ಮಾಡಿದ ನಿಯಮ, ಅವಳಿಗೆ ಈ ಸಂಕಟವನ್ನು ಕೊಟ್ಟಿತ್ತು.

ಅಂಗಿಯ ಕಥೆಯನ್ನು ಗುಂಡಿಯೇ ಹೇಳಿದಳು. ಆ ಕಡೆ ಅಳುವಿನ ನಡುವೆ ನಗು ಬಂತು. "ಆಸ್ಪತ್ರೆಯಿಂದ ಬಂದು ರೂಮಲ್ಲಿ ಹಾಕ್ಕೊಳ್ಳೋ ಹಸಿರು ಅಂಗಿ ಒಂದಿದೆ. ನಾಲ್ಕು ದಿನ ತೊಳೆಯದೆ ಹಾಕ್ಕೊಂಡು ಹಾಗೇ ಕಳಿಸ್ತೀನಿ."

"ಕಳಿಸು ಕಳಿಸು. ಪೋಸ್ಟಿನವನು ಮೂಗು ಮುಚ್ಕೊಂಡು ಬರಲಿ" ಎಂದರು ಅಜ್ಜಿ.

ಆ ವಾರವೇ ಅಜ್ಜಿ ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ತುಂಬಿ ಒಂದು ಮೆತ್ತನೆಯ ದಿಂಬು ಹೊಲಿದರು. ತರಗತಿಯಲ್ಲಿ ಮನಸ್ಸು ಸರಿಯಿಲ್ಲದ ಮಗು ಸ್ವಲ್ಪ ಹೊತ್ತು ಒರಗಿ ಕೂರಲಿ ಎಂದು ಬೆಳಿಗ್ಗೆಯೇ ಶಾಲೆಗೆ ಒಯ್ದರು. ಬಾಗಿಲ ಹತ್ತಿರ ಬಂದಾಗ ಒಳಗೆ ಹಾಜರಿ ನಡೆಯುತ್ತಿತ್ತು. ಒಬ್ಬ ಹುಡುಗ "ಹೆದರಿಕೆ, ನಾಯಿ ಅಟ್ಟಿಸ್ಕೊಂಡು ಬಂತು" ಎಂದ. ಇನ್ನೊಬ್ಬಳು "ಹಸಿವು" ಎಂದಳು. ಟೀಚರ್ ಗುಂಡಿಯನ್ನು ಕರೆದರು.

ಗುಂಡಿ ಯೋಚನೆ ಮಾಡಿದಳು. "ಅಮ್ಮ ಬೇಕು ಅನಿಸ್ತಿದೆ. ಆದ್ರೂ ಬಂದಿದ್ದೀನಿ."

ಯಾರೂ ನಗಲಿಲ್ಲ. ಚೀಲ ನೆನೆಸಿಕೊಂಡಿದ್ದ ಆ ಗೆಳತಿ ಬೆಂಚಿನ ಮೇಲೆ ಇನ್ನಷ್ಟು ಹತ್ತಿರ ಸರಿದು ಕೂತಳು. ಟೀಚರ್ "ಬಂದಿದ್ದು ಒಳ್ಳೇದಾಯ್ತು" ಎಂದು ಮುಂದಿನ ಮಗುವನ್ನು ಕರೆದರು. ಆಮೇಲೆ ಗುಣಾಕಾರ ಶುರುವಾಯಿತು.

ಹಸಿರು ಅಂಗಿಯ ಕಟ್ಟು ಬಂದಾಗ ಗುಂಡಿ ಶಾಲೆಯಲ್ಲಿದ್ದಳು. ಅವಳು ಬರುವ ತನಕ ಬಿಚ್ಚಬಾರದು ಎಂದು ಅಜ್ಜಿ ಅದನ್ನು ಯಂತ್ರದ ಮೇಲಿಟ್ಟರು. ಮತ್ತೆ ಎದ್ದು ಬಂದು ಮುಟ್ಟಿದರು. ಕತ್ತರಿ ಕೈಯಲ್ಲೇ ಇತ್ತು.

ಗುಂಡಿ ಬಾಗಿಲಿಗೆ ಬಂದಾಗ ಅಜ್ಜಿ ಕಿಟಕಿಯ ಹತ್ತಿರ, ಅಂಗಿಯಲ್ಲಿ ಮುಖ ಹುದುಗಿಸಿ ಕೂತಿದ್ದರು. ಈ ವಾಸನೆ ಮೊದಲು ಗೊತ್ತಿದ್ದದ್ದು ಅವರಿಗೇ. ಮಗಳು ತೊಟ್ಟಿಲಲ್ಲಿದ್ದಾಗಿನಿಂದ.

ಗುಂಡಿ ಚೀಲವನ್ನು ಮೂಲೆಗೆ ಎಸೆಯಲಿಲ್ಲ. ಸದ್ದಾಗದ ಹಾಗೆ ಕೆಳಗಿಟ್ಟು, ಸ್ಟೂಲಿನ ಮೇಲೆ ಕೂತು ಕಾದಳು. ಬಹಳ ಹೊತ್ತಾದ ಮೇಲೆ ಹೇಳಿದಳು.

"ಅಜ್ಜೀ, ಈಗ ನನ್ನ ಸರದಿ."

ಓದಿದವರೇ, ಕೇಳಿದವರೇ, ಗುಂಡಿಯ ಅಮ್ಮ ಇನ್ನೂ ದೂರದಲ್ಲೇ ಇದ್ದಾಳೆ. ಹೇಳಿಕೊಂಡ ಮಾತ್ರಕ್ಕೆ ಅಮ್ಮ ಹತ್ತಿರ ಬರುವುದಿಲ್ಲ. ಆದರೆ ಒಬ್ಬಳೇ ಹೊರುತ್ತಿದ್ದುದನ್ನು ಈಗ ಮೂವರು ಹೊರುತ್ತಿದ್ದಾರೆ, ಒಂದು ಇಡೀ ತರಗತಿ ಕೈ ಜೋಡಿಸಿದೆ.

ನೀವು ಪಾಠ ಹೇಳುವವರಾದರೆ, ನಾಳೆ ಹಾಜರಿ ಕೂಗುವಾಗ ಮಗು ಬಂದಿದೆಯೇ ಎಂದಷ್ಟೇ ನೋಡಬೇಡಿ, ಹೇಗೆ ಬಂದಿದೆ ಎಂದೂ ಕೇಳಿ. ಬಂದ ಉತ್ತರಕ್ಕೆ ಯಾರೂ ನಗದಂತೆ ಕಾಯಿರಿ. ನೀವು ಮನೆಯವರಾದರೆ, ಮಗುವಿನ ಕಣ್ಣೀರು ಒರೆಸುವ ಮುಂಚೆ ಅದು ಯಾತರದ್ದು ಎಂದು ತಿಳಿಯಿರಿ. ಕೋಪ, ಹೆದರಿಕೆ, ಹಂಬಲ ಯಾವುದೂ ಮಗುವಿನ ತಪ್ಪಲ್ಲ. ನಿಮ್ಮ ಮನಸ್ಸಿನ ಮಾತನ್ನು ನೀವು ಮೊದಲು ಹೇಳಿ.

ಇವತ್ತು ಸಂಜೆ ಮಗು ಮನೆಗೆ ಬರುತ್ತದೆ. ನೀವು ಕೇಳುತ್ತೀರಿ, ಅದು 'ಏನಿಲ್ಲ' ಎನ್ನುತ್ತದೆ. ಎದ್ದು ಹೋಗಬೇಡಿ. ಪಕ್ಕದಲ್ಲಿ ಒಂದು ಸ್ಟೂಲು ಹಾಕಿ, ಕಾಯಿರಿ.